ನಿಲ್ಲದೆ ಬಂದ ಗಾಡಿ

ಶಿಷ್ಯ ಕೇಳಿದ: "ಗುರುಗಳೇ, ನಿಮ್ಮ ಹತ್ತಿರ ಬರುವ ಮೊದಲು ಮೂವರ ಬಳಿ ಹೋಗಿದ್ದೆ. ಒಬ್ಬರು ಜಪ ಹೇಳಿಕೊಟ್ಟರು. ಒಬ್ಬರು ಉಪವಾಸ ಮಾಡಿಸಿದರು. ಇನ್ನೊಬ್ಬರು ಮೌನ ಹಿಡಿಸಿದರು. ನಾನು ಒಂದನ್ನೂ ತಪ್ಪಿಸಲಿಲ್ಲ. ಆದರೂ ಒಳಗಿನ ಕಿರಿಕಿರಿ ಹೋಗಿಲ್ಲ. ಇದಕ್ಕೆ ಮದ್ದು ಯಾವುದು?"

ಗುರುಗಳು ನಕ್ಕರು. "ಮೂವರೂ ಕೆಲಸ ಬಲ್ಲವರೇ. ಅವರನ್ನು ದೂರಬೇಡ. ಒಬ್ಬ ಡ್ರೈವರನ ಕತೆ ಹೇಳುತ್ತೇನೆ, ಕೇಳು" ಎಂದರು.

ಒಂದು ಊರಿನಲ್ಲಿ ಒಬ್ಬ ಡ್ರೈವರ್ ಇದ್ದ. ಅವನ ಬಳಿ ಒಂದು ಹಳೆಯ ಕಾರಿತ್ತು. ಒಂದು ಮಳೆಗಾಲದಲ್ಲಿ ಹೊಳೆ ಉಕ್ಕಿ ಸೇತುವೆಯ ಮೇಲೆ ನೀರು ಹರಿಯಿತು. ಆ ಊರಿನ ಒಬ್ಬ ಮುದುಕಿಗೆ ದಿನವೂ ಇನ್ಸುಲಿನ್ ಬೇಕು. ಅದು ಮುಗಿದುಹೋಗಿತ್ತು. ಪೇಟೆಯಲ್ಲಿದ್ದ ಡ್ರೈವರ್ ಔಷಧಿ ಕೊಂಡು, ಒಬ್ಬನೇ ಕಾರನ್ನು ನೀರಿಗಿಳಿಸಿ, ಊರು ಸೇರಿದ. ಮುದುಕಿ ಉಳಿದಳು.

ಎಂಥವನಿಗೂ ಎದೆ ನಡುಗುವ ಕೆಲಸ ಅದು. ಊರವರು ಸಭೆ ಸೇರಿ ಶಾಲು ಹೊದಿಸಿದರು. ನೀರಿನ ನಡುವೆ ಗಾಡಿ ನಿಲ್ಲಲಿಲ್ಲವೇ ಎಂದು ಯಾರೋ ಕೇಳಿದರು. "ಒಂದು ಸಲವೂ ನಿಲ್ಲಲಿಲ್ಲ" ಎಂದ. ನಿಂತಿತ್ತು. ಎರಡು ಸಲ ನಿಂತಿತ್ತು, ಎರಡು ಸಲವೂ ಕೀ ತಿರುಗಿಸಿ ಎಬ್ಬಿಸಿದ್ದ. ಸುಳ್ಳೇನೂ ದೊಡ್ಡದಲ್ಲ, ಶಾಲಿಗೆ ಒಂದಿಷ್ಟು ಅಂಚು ಇದ್ದ ಹಾಗೆ. ಆದರೆ ಕೇಳಿದವರಿಗೆಲ್ಲ ಹೇಳಿ ಹೇಳಿ ಅದು ಅವನ ಬಾಯಿಗೆ ಕೂತುಬಿಟ್ಟಿತು.

ಮರುದಿನದಿಂದ ಕಾರು ಸದ್ದು ಮಾಡತೊಡಗಿತು. ಒಬ್ಬ ಮೆಕ್ಯಾನಿಕ್ ಬೆಲ್ಟ್ ಬದಲಿಸಿದ. ಕೀಚಲು ಸದ್ದು ಹೋಯಿತು. ಇನ್ನೊಬ್ಬ ಚಕ್ರ ಬಿಚ್ಚಿ ಬ್ರೇಕಿಗೆ ಸಿಕ್ಕಿಕೊಂಡಿದ್ದ ಕಲ್ಲು ತೆಗೆದ. ಕೊರೆಯುವ ಸದ್ದು ಹೋಯಿತು. ಎಂಜಿನ್ನಿನ ಒಳಗಿನ ಟಕಟಕ ಮಾತ್ರ ಹೋಗಲಿಲ್ಲ. ನೀರಿನಲ್ಲಿ ಗಾಡಿ ನಿಂತಿತ್ತೇ ಎಂದು ಇಬ್ಬರೂ ಕೇಳಿದ್ದರು. ಇಬ್ಬರಿಗೂ ಅವನು ಅದೇ ಉತ್ತರ ಕೊಟ್ಟಿದ್ದ.

ಮುದುಕಿಯ ಕಾಲಿನಲ್ಲಿ ಮಾಯದ ಗಾಯವಿತ್ತು. ವಾರಕ್ಕೊಮ್ಮೆ ಅವಳನ್ನು ಗುಡ್ಡದ ಮೇಲಿನ ಆಸ್ಪತ್ರೆಗೆ ಕರೆದೊಯ್ಯುವುದು ಅವನ ಕೆಲಸ. ಹಾಗೆ ಹೊರಟ ಒಂದು ದಿನ ಟಕಟಕ ಜೋರಾಯಿತು. ಏರುದಾರಿಯ ಬುಡದಲ್ಲಿ ಒಬ್ಬ ಹಳೆಯ ಮೇಸ್ತ್ರಿಯ ಗ್ಯಾರೇಜಿತ್ತು. ಡ್ರೈವರ್ ಅಲ್ಲಿ ಕಾರು ನಿಲ್ಲಿಸಿದ.

ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಮುಟ್ಟಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಬಹಳ ಹೊತ್ತು ಕೇಳಿದ. ಆಮೇಲೆ, "ನೀರಲ್ಲಿ ಎಂಜಿನ್ ನಿಂತಿತ್ತಾ?" ಎಂದ.

ಡ್ರೈವರ್ ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಮುದುಕಿ ಹೇಳಿದಳು: "ನಮ್ಮೂರಲ್ಲಿ ಯಾರನ್ನಾದ್ರೂ ಕೇಳಿ ಮೇಸ್ತ್ರಿ. ಒಂದ್ ಸಲಾನೂ ನಿಂತಿಲ್ಲ."

"ಹಾಗಿದ್ರೆ ಭಯ ಇಲ್ಲ. ಆಯಿಲ್ ಬದಲಿಸ್ತೀನಿ, ಹತ್ತಿಸ್ಕೊಂಡು ಹೋಗಿ. ನಿಂತ ಗಾಡೀನ ನೀರಲ್ಲೇ ಮತ್ತೆ ಸ್ಟಾರ್ಟ್ ಮಾಡಿದ್ರೆ ಒಳಗಿನ ರಾಡ್ ಬಾಗಿರ್ತದೆ. ಅದು ಏರಿನಲ್ಲಿ ಮುರಿದ್ರೆ ಎಂಜಿನ್ ನಿಂತು ಬ್ರೇಕೂ ಸರಿಯಾಗಿ ಹಿಡಿಯಲ್ಲ, ಗಾಡಿ ಹಿಂದಕ್ಕೆ ಜಾರ್ತದೆ, ಕೆಳಗೆ ಕಮರಿ."

ಮೇಸ್ತ್ರಿ ಆಯಿಲ್ ಬದಲಿಸಿ ಬಾನೆಟ್ ಮುಚ್ಚಿದ. ಡ್ರೈವರ್ ಸೀಟಿನಲ್ಲಿ ಕುಳಿತು ಕೀ ಹಿಡಿದ. ಕನ್ನಡಿಯಲ್ಲಿ ಮುದುಕಿ ಕಂಡಳು. ಅವನನ್ನು ನಂಬಿ, ಕಟ್ಟು ಹಾಕಿದ ಕಾಲನ್ನು ಸೀಟಿನ ಮೇಲೆ ಚಾಚಿ ಕುಳಿತಿದ್ದಳು. ಅವನಿಗೆ ಕೀ ತಿರುಗಿಸಲು ಆಗಲಿಲ್ಲ.

"ನಿಂತಿತ್ತು" ಎಂದ. "ಎರಡು ಸಲ. ನಾನೇ ಮತ್ತೆ ಸ್ಟಾರ್ಟ್ ಮಾಡಿದೆ."

ನಾಚಿಕೆಯಿಂದ ಅವನ ತಲೆ ಬಗ್ಗಿತ್ತು. ಮುದುಕಿ ಹಿಂದಿನಿಂದ ಅವನ ಹೆಗಲ ಮೇಲೆ ಕೈಯಿಟ್ಟಳು. ಆಮೇಲೆ ಹೇಳಿದಳು: "ಎರಡು ಸಲ ನಿಂತ್ರೂ ನನ್ ಔಷಧಿ ಬಿಟ್ಟು ಓಡ್ಲಿಲ್ವಲ್ಲ ಮಗಾ. ಇಂಥಾದ್ದನ್ನ ಇಷ್ಟು ದಿನ ಯಾಕೆ ಮುಚ್ಚಿಟ್ಟೆ?"

ಅವಳು ಆ ದಿನ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದಳು. ಮೇಸ್ತ್ರಿ ಎಂಜಿನ್ ಬಿಚ್ಚಿದ. ರಾಡ್ ಬಾಗಿತ್ತು. ಅದರ ಮೇಲೆ ಕೂದಲಿನಷ್ಟು ಬಿರುಕೂ ಇತ್ತು. ಇನ್ನೊಂದು ಏರನ್ನು ಅದು ತಡೆಯುತ್ತಿರಲಿಲ್ಲ.

ಮುಂದಿನ ವಾರ ಕಾರು ಮುದುಕಿಯನ್ನು ಕೂರಿಸಿಕೊಂಡು ಗುಡ್ಡ ಹತ್ತಿತು. ಟಕಟಕ ಇಲ್ಲ, ಕೊಸರಾಟ ಇಲ್ಲ. ಕೊನೆಯ ತಿರುವು ದಾಟಿದಾಗ ಡ್ರೈವರ್ ಉದ್ದಕ್ಕೆ ಹಾರ್ನ್ ಬಾರಿಸಿದ. ಎದುರಿಗೆ ಯಾರೂ ಇರಲಿಲ್ಲ, ಖುಷಿಗೆ ಬಾರಿಸಿದ. ಇನ್ನೊಂದು ಸಲ ಬಾರಿಸು ಎಂದಳು ಮುದುಕಿ.

ಬಾಗಿದ ರಾಡನ್ನು ಅವನು ಬಿಸಾಡಲಿಲ್ಲ. ಮನೆಯ ಗೋಡೆಯಲ್ಲಿ ಶಾಲಿನ ಪಕ್ಕದಲ್ಲೇ ತೂಗುಹಾಕಿದ. ಈಗ ಯಾರು ಬಂದರೂ ಎರಡನ್ನೂ ತೋರಿಸಿ, ಎದೆಯುಬ್ಬಿಸಿ ಕತೆ ಹೇಳುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ನನ್ನ ಮದ್ದು?" ಎಂದ.

"ಮದ್ದು ಇರಲಿ, ನಿನ್ನ ಗಾಡಿ ನೀರಿನಲ್ಲಿ ಎಲ್ಲಿ ನಿಂತಿತ್ತು, ಅದನ್ನು ಹೇಳು."