ಹೂಂ ಎಂದವನು

ಹೊಳೆ ಕಡಲನ್ನು ಸೇರುವ ಅಳಿವೆಯ ಪಕ್ಕದಲ್ಲಿ ಒಂದು ಆಶ್ರಮವಿತ್ತು. ಆಶ್ರಮವೆಂದರೆ ಹೋಮದ ಹೊಗೆ, ಮಂತ್ರಘೋಷ ಎಂದೆಲ್ಲ ಎಣಿಸಬಾರದು. ಎರಡು ಹುಲ್ಲಿನ ಚಾವಡಿ, ಒಂದು ಬಾವಿ, ಗಂಜಿ ಬೇಯಿಸುವ ಒಲೆ, ಅಷ್ಟೇ.

ಪಕ್ಕದಲ್ಲೇ ದೋಣಿ ದಾಟುವ ಕಡವು ಇದ್ದುದರಿಂದ ಅಲ್ಲಿಯ ಗುರುವನ್ನು ಜನ ಕಡವಿನ ಅಜ್ಜಯ್ಯ ಎಂದು ಕರೆಯುತ್ತಿದ್ದರು. ದೂರದೇಶದ ಹಡಗುಗಳು ಅಳಿವೆಯಲ್ಲಿ ಲಂಗರು ಹಾಕಿದಾಗ, ಜ್ವರ ಹಿಡಿದ ನಾವಿಕರನ್ನು ಅಜ್ಜಯ್ಯನ ಚಾವಡಿಯಲ್ಲಿ ಮಲಗಿಸಿ ಹೋಗುತ್ತಿದ್ದರು. ಹಡಗು ಯಾರಿಗೂ ಕಾಯುವುದಿಲ್ಲ. ಕೆಲವರು ಗುಣವಾಗಿ ಮುಂದಿನ ಹಡಗು ಹತ್ತುತ್ತಿದ್ದರು. ಉಳಿದವರಿಗೆ ಅಳಿವೆಯ ಮರಳೇ ಗತಿ.

ಸಾಯುವವರ ಪಕ್ಕದಲ್ಲಿ ಕೂತು ಅವರ ಕೊನೆಯ ಮಾತು ಕೇಳಿಸಿಕೊಳ್ಳಬೇಕು. ಮುಂದೆ ಯಾವತ್ತಾದರೂ ಅವರ ಕಡೆಯವರು ಹುಡುಕಿಕೊಂಡು ಬಂದರೆ ಆ ಮಾತನ್ನು ಒಪ್ಪಿಸಬೇಕು. ಇದೇ ಆ ಆಶ್ರಮದ ವ್ರತ. ಬೇರೆ ಪೂಜೆ ಅಲ್ಲಿರಲಿಲ್ಲ.

ಅಜ್ಜಯ್ಯನಿಗೆ ಬರುತ್ತಿದ್ದುದು ಕನ್ನಡ ಒಂದೇ.

ಹೊನ್ನಯ್ಯ ಎಂಬವನು ಅಲ್ಲಿಗೆ ಶಿಷ್ಯನಾಗಿ ಬಂದ. ಬಂದ ಎನ್ನುವುದಕ್ಕಿಂತ ಬಂದು ಬಿದ್ದ ಎನ್ನಬೇಕು. ಪಾಲಿನ ಜಗಳದಲ್ಲಿ ಅವನ ಅಣ್ಣ ಅವನನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡಿದ್ದ. ಆ ಬಾಗಿಲಿನ ಸದ್ದು ಅವನ ಕಿವಿಯಿಂದ ಹೋಗಿರಲಿಲ್ಲ.

ಬಂದ ವರ್ಷವೇ ಸಿಂಹಳದಿಂದ ಒಬ್ಬ ಮುದುಕಿ ಆಶ್ರಮವನ್ನು ಹುಡುಕಿಕೊಂಡು ಬಂದಳು. ಅವಳ ಮಗ ಬಹಳ ಹಿಂದೆ ಅದೇ ಚಾವಡಿಯಲ್ಲಿ ಸತ್ತಿದ್ದ. ಅವಳು ಅವನ ಹೆಸರು ಹೇಳಿದಳು. ಅಜ್ಜಯ್ಯ ಅವಳನ್ನು ಎದುರಿಗೆ ಕೂರಿಸಿಕೊಂಡು ಕಣ್ಣು ಮುಚ್ಚಿದರು. ಅವರ ಬಾಯಿಂದ ಸಿಂಹಳದ ಮಾತು ಹೊರಟಿತು, ಸತ್ತವನ ತೊದಲು, ಏದುಸಿರು ಎಲ್ಲದರ ಸಮೇತ.

ಮುದುಕಿ ಮೊದಲು ನಕ್ಕಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೋಗುವಾಗ ಚಾವಡಿಯ ಮೆಟ್ಟಿಲಿಗೆ ಹಣೆ ಮುಟ್ಟಿಸಿ ಹೋದಳು.

ಹೊನ್ನಯ್ಯ ತಡೆಯಲಾರದೆ ಕೇಳಿದ. “ಅಜ್ಜಯ್ಯ, ಆ ಮಾತಿನ ಅರ್ಥ ಏನು?”

“ನನಗೇನು ಗೊತ್ತು?”

“ಗೊತ್ತಿಲ್ಲದೇನೇ ಇಷ್ಟು ವರ್ಷ ಇಟ್ಟುಕೊಂಡಿದ್ರಾ?”

“ಅದು ಅವಳದ್ದು. ಬಿಚ್ಚಿ ನೋಡೋದಕ್ಕೆ ನಾನ್ಯಾರು?”

ಅಜ್ಜಯ್ಯನ ಕ್ರಮ ಸರಳವಾಗಿತ್ತು. ಸಾಯುವವನು ಮಾತು ತೆಗೆದರೆ, ತಿಳಿಯಲಿಲ್ಲ ಎಂದು ಅಡ್ಡಡ್ಡ ತಲೆ ಆಡಿಸುತ್ತಿದ್ದರು. ಅವನು ಮಾತನ್ನು ಚಿಕ್ಕದು ಮಾಡಿ ಮತ್ತೆ ಹೇಳುತ್ತಿದ್ದ. ಅಜ್ಜಯ್ಯ ಅದನ್ನು ಕೇಳಿದ ಹಾಗೇ ಅವನಿಗೆ ತಿರುಗಿ ಹೇಳುತ್ತಿದ್ದರು. ತಪ್ಪಿದರೆ ಅವನು ತಿದ್ದುತ್ತಿದ್ದ. ಅವನ ಮುಖ ಸಡಿಲವಾಗುವ ತನಕ ಇದು ನಡೆಯುತ್ತಿತ್ತು. ಆಮೇಲೆ ಅಜ್ಜಯ್ಯ ದಿನಾ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಕೂತು ಸತ್ತವರ ಮಾತುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದರು, ಮರೆತುಹೋಗದಿರಲಿ ಎಂದು.

ಹೊನ್ನಯ್ಯನಿಗೆ ಇದು ಬರೀ ಗಿಳಿಪಾಠವಾಗಿ ಕಂಡಿತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಮನಸ್ಸಿನಲ್ಲೇ ಅಂದುಕೊಂಡ. ಅನ್ನ ಹಾಕಿದ ಗುರುವಿನ ಬಗ್ಗೆ ಹಾಗೆ ಅಂದುಕೊಳ್ಳುವಾಗ ಅವನಿಗೆ ನಾಚಿಕೆಯೂ ಆಗಲಿಲ್ಲ.

ಅವನ ಆಸೆಯೇನೂ ಕೆಟ್ಟದ್ದಲ್ಲ. ನನ್ನ ಮಾತು ಇಲ್ಲಿ ಯಾರಿಗೂ ತಿಳಿಯಲಿಲ್ಲವಲ್ಲ ಎಂಬ ಸಂಕಟದಲ್ಲಿ ಈ ದಂಡೆಯ ಮೇಲೆ ಯಾರೂ ಸಾಯಬಾರದು ಎಂದು ಅವನು ನಿಶ್ಚಯಿಸಿದ. ಅಳಿವೆಗೆ ಬರುವ ಹಡಗಿನವರ ಭಾಷೆಗಳನ್ನೆಲ್ಲ ತಾನೇ ಕಲಿಯಲು ಕೂತ. ಗುಣವಾಗುತ್ತಿದ್ದ ನಾವಿಕರನ್ನು ಕೇಳಿ ಕೇಳಿ, ಅವರು ಬಿಟ್ಟುಹೋದ ಹರಕು ಹಾಳೆಗಳನ್ನು ಬಿಡಿಸಿ ಬಿಡಿಸಿ ಕಲಿತ. ನೀರು ಸೇದುವಾಗ ಅರಬ್ಬಿ, ಸೌದೆ ಒಡೆಯುವಾಗ ಪಾರಸಿ, ಗಂಜಿ ತಿರುವುವಾಗ ಪರಂಗಿಯವರ ಮಾತು, ಅಂಗಳ ಗುಡಿಸುವಾಗ ಸಿಂಹಳ, ದೀಪ ಹಚ್ಚಿದ ಮೇಲೆ ಮಲಾಕೆಯ ಕಡೆಯ ಮಾತು.

ಹೊಸ ಭಾಷೆಯ ಮೊದಲ ತಿಂಗಳು ಹೊಸ ನೆಂಟರ ಮನೆಯ ಹಾಗೆ, ದಿನಾ ಪಾಯಸ. ಆಮೇಲೆ ಅದು ಕೆಲಸ ಹೇಳಲು ಶುರುಮಾಡುತ್ತದೆ. ಅಷ್ಟು ಹೊತ್ತಿಗೆ ಹೊನ್ನಯ್ಯ ಪಕ್ಕದ ಮನೆಗೆ ಹೊರಟಿರುತ್ತಿದ್ದ. ಅಲ್ಲಿ ಕಷ್ಟ ಎದುರಾದರೆ ಮತ್ತೊಂದು ಮನೆ. ಹೀಗೆ ಸುತ್ತಿ ಸುತ್ತಿ ಅವನಿಗೆ ಐದೂ ಭಾಷೆಗಳ ಪಡಸಾಲೆ ಚೆನ್ನಾಗಿ ಪರಿಚಯವಾಯಿತು. ಒಂದರ ಅಡುಗೆಮನೆಯನ್ನೂ ಅವನು ನೋಡಲಿಲ್ಲ.

ಅಜ್ಜಯ್ಯ ಒಮ್ಮೆ ಹೇಳಿದರು. “ಒಂದನ್ನು ಪೂರ್ತಿ ಕಲಿ ಹೊನ್ನಯ್ಯ. ಉಳಿದವರನ್ನು ನಾನು ನೋಡಿಕೊಳ್ತೇನೆ.”

“ಹಡಗು ಐದು ಕಡೆಯಿಂದ ಬರ್ತವೆ ಅಜ್ಜಯ್ಯ. ಒಂದೇ ಕಲಿತರೆ ಉಳಿದವರಿಗೆ ಮೋಸ ಆಗಲ್ವಾ?”

ಎರಡು ದೋಣಿಯಲ್ಲಿ ಕಾಲಿಟ್ಟವನ ಪಾಡು ಏನೆಂದು ಕಡವಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇವನು ಐದರಲ್ಲಿ ಇಟ್ಟಿದ್ದ.

ಕ್ಷೇಮವೇ, ಯಾವ ಊರು, ನೀರು ಬೇಕೇ, ಹೋಗಿಬನ್ನಿ, ದಾರಿ ಸುಖವಾಗಲಿ, ಇಷ್ಟನ್ನು ಹೊನ್ನಯ್ಯ ಐದು ಭಾಷೆಗಳಲ್ಲಿ ನೀರು ಕುಡಿದ ಹಾಗೆ ಹೇಳುತ್ತಿದ್ದ. ನಾವಿಕರು ಹಿಗ್ಗಿ ಬೆನ್ನು ತಟ್ಟುತ್ತಿದ್ದರು. ಅಳಿವೆಯಲ್ಲಿ ಐದು ಭಾಷೆಯ ಪಂಡಿತನಿದ್ದಾನಂತೆ ಎಂಬ ಸುದ್ದಿ ಹಡಗಿನಿಂದ ಹಡಗಿಗೆ ಹೋಯಿತು. ಅಲ್ಪವಿದ್ಯಾ ಮಹಾಗರ್ವಿ ಎನ್ನುತ್ತಾರೆ. ಗರ್ವವನ್ನು ಅವನು ಸೇವೆ ಎಂದು ಕರೆಯುತ್ತಿದ್ದ.

ಒಂದು ದಿನ ಅಜ್ಜಯ್ಯ ದಂಡೆಯ ಮೇಲೆ ನಿಂತು, “ಹೊನ್ನಯ್ಯ, ಕಡಲಿನ ಸದ್ದು ನಿಂತುಹೋಗಿದೆ,” ಎಂದರು.

ಕಡಲು ಎಂದಿನಂತೆ ಬೋರ್ಗರೆಯುತ್ತಿತ್ತು.

ಅಂದಿನಿಂದ ಅಜ್ಜಯ್ಯನಿಗೆ ಏನು ಹೇಳಬೇಕಾದರೂ ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕಾಯಿತು. ಸಾಯುವವರಿಗೆ ಕೂಗುವ ಶಕ್ತಿ ಇರುವುದಿಲ್ಲ. ಇನ್ನು ಮೇಲೆ ಹಾಸಿಗೆಯ ಪಕ್ಕ ಕೂರುವವನು ನೀನೇ ಎಂದು ಅಜ್ಜಯ್ಯ ಶಿಷ್ಯನಿಗೆ ವ್ರತ ಒಪ್ಪಿಸಿದರು. ಹೊನ್ನಯ್ಯ ಅವರ ಕಾಲಿಗೆ ಬಿದ್ದ. ಅವನಿಗೆ ದುಃಖವಾಯಿತು ನಿಜ, ಆದರೆ ಸಂತೋಷ ಅದಕ್ಕಿಂತ ಹೆಚ್ಚಾಯಿತು.

ಮಳೆಗಾಲಕ್ಕೆ ಮುಂಚೆ ಬಂದ ಕೊನೆಯ ಹಡಗು ಕಾಸಿಮ ಎಂಬ ಬಡಗಿಯನ್ನು ಇಳಿಸಿ ಹೋಯಿತು. ಪಾರಸಿ ಸೀಮೆಯವನು. ಮೈ ಸುಡುತ್ತಿತ್ತು. ಹೊನ್ನಯ್ಯ ಅವನ ಪಕ್ಕ ಕೂತು ಪಾರಸಿಯಲ್ಲಿ ಕ್ಷೇಮ ವಿಚಾರಿಸಿದ.

ಕಾಸಿಮನ ಕಣ್ಣಲ್ಲಿ ನೀರು ಬಂತು. ಪರದೇಶದ ದಂಡೆಯ ಮೇಲೆ ತನ್ನ ತಾಯಿಯ ಮಾತು. ಅವನು ಹೊನ್ನಯ್ಯನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೇಳಲು ಶುರುಮಾಡಿದ.

ಮಾತು ಹೊಳೆಯ ಹಾಗೆ ಬಂತು. ಅದರಲ್ಲಿ ಸೋದರ ಎಂಬ ಮಾತು ಹೊನ್ನಯ್ಯನಿಗೆ ಸಿಕ್ಕಿತು. ಆಮೇಲೆ ಬಹಳ ಹೊತ್ತು ಏನೂ ಸಿಗಲಿಲ್ಲ. ಆಮೇಲೆ ಮನೆ ಎಂಬುದು ಸಿಕ್ಕಿತು.

“ಹೂಂ,” ಎಂದ ಹೊನ್ನಯ್ಯ.

ತಿಳಿಯಲಿಲ್ಲ ಎನ್ನಬೇಕಿತ್ತು. ಎನ್ನಲು ಬಾಯಿ ಬರಲಿಲ್ಲ. ಆ ಮುಖದ ಸಂತೋಷವನ್ನು ಹೇಗೆ ಕೆಡಿಸುವುದು ಎಂಬುದು ಒಂದು. ಐದು ಭಾಷೆಯ ಪಂಡಿತನಿಗೆ ತಿಳಿಯಲಿಲ್ಲವಂತೆ ಎಂಬ ನಾಚಿಕೆ ಇನ್ನೊಂದು. ನಾಲ್ಕು ಮಾತು ಸಿಕ್ಕಿದರೆ ಸಾಕು, ಉಳಿದದ್ದನ್ನು ಆಮೇಲೆ ಹೊಂದಿಸಿಕೊಂಡರಾಯಿತು ಎಂದುಕೊಂಡ.

ಬಾಗಿಲು ಎಂಬ ಮಾತು ಬಂತು. ಹೂಂ. ಬೇಡ ಎಂಬುದು ಬಂತು. ಹೂಂ. ಕಾಸಿಮ ಎದೆಗೆ ಕೈ ಬಡಿದುಕೊಂಡು ಅತ್ತ. ಕೊನೆಗೆ ಹೊನ್ನಯ್ಯನ ಮುಖವನ್ನೇ ನೋಡುತ್ತ ಏನೋ ಕೇಳಿದ. ತಿಳಿಯಿತಾ ಎಂದೇ ಇರಬೇಕು.

“ಹೂಂ,” ಎಂದ ಹೊನ್ನಯ್ಯ.

ಕಾಸಿಮ ಕೈ ಬಿಟ್ಟು, ನೆಮ್ಮದಿಯಿಂದ ಗೋಡೆಯ ಕಡೆ ತಿರುಗಿ ಮಲಗಿದ. ಮತ್ತೆ ಮಾತಾಡಲಿಲ್ಲ. ಬೆಳಗಾಗುವಾಗ ತೀರಿಕೊಂಡಿದ್ದ.

ಅಜ್ಜಯ್ಯ ಬಂದು, ಅವನು ಹೇಳಿದ್ದನ್ನು ಅವನಿಗೇ ತಿರುಗಿ ಹೇಳಿ ತೋರಿಸಿದೆಯಾ ಎಂದು ಕೇಳಿದರು. ಅದರ ಅಗತ್ಯ ಬೀಳಲಿಲ್ಲ, ಎಲ್ಲ ತಿಳಿಯಿತು ಎಂದು ಹೊನ್ನಯ್ಯ ಕೂಗಿ ಹೇಳಿದ. ಅಜ್ಜಯ್ಯ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಮರಳು ತೋಡಲು ಗುದ್ದಲಿ ತಂದರು.

ಮಳೆಗಾಲದಲ್ಲಿ ಹಡಗು ಬರುವುದಿಲ್ಲ. ಸೋರುವ ಚಾವಡಿಯಲ್ಲಿ ಕೂತು ಹೊನ್ನಯ್ಯ ಆ ಮಾತುಗಳನ್ನು ಜೋಡಿಸಲು ನೋಡಿದ. ತಿಳಿಯದ ಮಾತುಗಳ ಸದ್ದು ಅವನ ನೆನಪಿನಲ್ಲಿ ಒಂದಿಷ್ಟೂ ಉಳಿದಿರಲಿಲ್ಲ. ತಿಳಿದದ್ದನ್ನು ಹೆಕ್ಕುವ ಗಡಿಬಿಡಿಯಲ್ಲಿ ಉಳಿದದ್ದಕ್ಕೆ ಅವನು ಕಿವಿಯನ್ನೇ ಕೊಟ್ಟಿರಲಿಲ್ಲ. ಇದ್ದದ್ದು ನಾಲ್ಕೇ ಮಾತು. ಸೋದರ, ಮನೆ, ಬಾಗಿಲು, ಬೇಡ.

ಸೋದರ, ಬಾಗಿಲು ಎಂದರೆ ಏನೆಂದು ಹೊನ್ನಯ್ಯನಿಗೆ ಬೇರೆ ಹೇಳಬೇಕೇ? ಸೋದರನನ್ನು ಮನೆಯ ಬಾಗಿಲ ಒಳಗೆ ಬಿಟ್ಟುಕೊಳ್ಳಬೇಡ. ಮಾತು ಸರಿಯಾಗಿ ಕೂತಿತು. ಹೇಳಿಕೊಂಡು ಹೇಳಿಕೊಂಡು, ಮಳೆ ನಿಲ್ಲುವ ಹೊತ್ತಿಗೆ ಕಾಸಿಮ ಹೇಳಿದ್ದು ಅದನ್ನೇ ಎಂದು ಅವನು ಆಣೆ ಮಾಡಬಲ್ಲವನಾಗಿದ್ದ.

ಅಪ್ಪನನ್ನು ಇಳಿಸಿಹೋದ ಹಡಗಿನವರಿಂದ ಸುದ್ದಿ ತಿಳಿದು, ಮೊದಲ ಹಡಗಿನಲ್ಲೇ ಕಾಸಿಮನ ಮಗ ಬಂದ. ಹಡಗಿನ ದುಭಾಷಿಯನ್ನೂ ಜೊತೆಗೆ ಕರೆದುಕೊಂಡು ಬಂದಿದ್ದ. ಸಾಯುವ ಮುಂಚೆ ಅಪ್ಪ ಏನಾದರೂ ಹೇಳಿದರೇ ಎಂಬುದೊಂದೇ ಅವನ ಪ್ರಶ್ನೆ. ಹೊನ್ನಯ್ಯ ಪಾರಸಿಯಲ್ಲೇ ಶುರುಮಾಡಿದ. ಎರಡು ವಾಕ್ಯ ಚೆನ್ನಾಗಿ ಬಂತು, ಮೂರನೆಯದು ಗಂಟಲಲ್ಲಿ ಸಿಕ್ಕಿಕೊಂಡಿತು. ಕನ್ನಡಕ್ಕೆ ಹೊರಳಿ, ದುಭಾಷಿಯ ಮೂಲಕ ಹೇಳಿದ.

“ಸೋದರನನ್ನು ಮನೆಯ ಬಾಗಿಲ ಒಳಗೆ ಬಿಟ್ಟುಕೊಳ್ಳಬೇಡ ಅಂದರು.”

ಮಗ ನಿಂತಲ್ಲೇ ಕುಸಿದು ಕೂತ. ಆಮೇಲೆ ದುಭಾಷಿ ವಿಷಯ ಬಿಡಿಸಿ ಹೇಳಿದ. ಕಾಸಿಮನಿಗೆ ಒಬ್ಬ ತಮ್ಮ. ಹಳೆಯ ಜಗಳ, ಮುಖ ನೋಡುತ್ತಿರಲಿಲ್ಲ. ಈಗ ಆ ತಮ್ಮನಿಗೆ ಕಣ್ಣು ಹೋಗಿದೆ, ನೋಡುವವರಿಲ್ಲ. ಬಂದು ಅಣ್ಣನ ಮನೆಯ ಹೊರಗೋಡೆಗೆ ಒರಗಿ ಕೂತಿದ್ದಾನೆ. ಅಪ್ಪನ ಮನಸ್ಸಿನಲ್ಲಿ ಏನಿತ್ತೆಂದು ಕೇಳಿಕೊಂಡು ಹೋಗಲಿಕ್ಕೇ ಮಗ ಇಷ್ಟು ದೂರ ಬಂದದ್ದು.

ಮಗ ಎದ್ದು ಹೊನ್ನಯ್ಯನ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡು ಏನೋ ಹೇಳಿದ.

“ನೀವು ಹೇಳದೇ ಇದ್ದಿದ್ದರೆ ನಾನು ಬಾಗಿಲು ತೆಗೆದೇಬಿಡ್ತಿದ್ದೆ ಅಂತಿದ್ದಾನೆ,” ಎಂದ ದುಭಾಷಿ.

ಇಳಿತದ ನೀರಿಗೆ ಹಡಗು ಹೊರಡಬೇಕಿತ್ತು. ಅವರು ಹೋದರು.

ಎಲ್ಲವನ್ನೂ ದೂರದಿಂದ ನೋಡುತ್ತಿದ್ದ ಅಜ್ಜಯ್ಯ ಹತ್ತಿರ ಬಂದು, ಕಾಸಿಮನ ಬಾಯಿಂದ ಬಂದ ಮಾತು ಯಾವುದು, ಅಷ್ಟನ್ನೇ ಹೇಳು ಎಂದರು. ಹೊನ್ನಯ್ಯ ಪಿಸುಗುಟ್ಟಿದ. ಅಜ್ಜಯ್ಯನಿಗೆ ಕೇಳಿಸಲಿಲ್ಲ. ತನ್ನ ಪಾಪವನ್ನು ಅವನು ಇಡೀ ದಂಡೆಗೆ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು. ಸೋದರ, ಮನೆ, ಬಾಗಿಲು, ಬೇಡ. ಅಷ್ಟೇ ಅಜ್ಜಯ್ಯ. ಉಳಿದದ್ದು ನಾನು ಸೇರಿಸಿದ್ದು.

ಅಜ್ಜಯ್ಯ ಆ ನಾಲ್ಕು ಮಾತನ್ನು ಬೆರಳಲ್ಲಿ ಎಣಿಸಿದರು.

“ನನ್ನ ಸೋದರನಿಗೆ ಮನೆಯ ಬಾಗಿಲು ಹಾಕಬೇಡ ಅಂದಿರಬಹುದಲ್ಲ?”

ಹೊನ್ನಯ್ಯ ಹಡಗಿನ ಕಡೆ ತಿರುಗಿ ನೋಡಿದ.

“ನೀನು ಹೇಳಿ ಕಳಿಸಿದ್ದು ಕಾಸಿಮನ ಮನೆ ಬಾಗಿಲೋ, ನಿನ್ನ ಅಣ್ಣನ ಮನೆ ಬಾಗಿಲೋ?”

ಹೊನ್ನಯ್ಯ ಓಡಿದ. ಮರಳದಿಣ್ಣೆಯ ತುದಿಗೆ ಹೋಗುವಷ್ಟರಲ್ಲಿ ಹಡಗು ಹಾಯಿ ಬಿಚ್ಚಿ ಅಳಿವೆ ದಾಟುತ್ತಿತ್ತು. ಅವನು ಕೈ ಬೀಸಿ ಕೂಗಿದ. ನಿಲ್ಲಿ, ನಾನು ಹೇಳಿದ್ದು ಸುಳ್ಳು ಎಂದು ಕೂಗಬೇಕಿತ್ತು. ಕನ್ನಡ ಬಲ್ಲ ದುಭಾಷಿ ಹಡಗಿನ ಒಳಗೆಲ್ಲೋ ಇದ್ದ, ಹೊರಗೆ ಕಾಣುತ್ತಿದ್ದ ನಾವಿಕರಲ್ಲಿ ಯಾರಿಗೆ ಕನ್ನಡ ತಿಳಿಯಬೇಕು? ಪಾರಸಿಯಲ್ಲಿ ಅದನ್ನು ಹೇಗೆ ಹೇಳುವುದೆಂದು ಅವನಿಗೆ ಗೊತ್ತಿರಲಿಲ್ಲ. ಅರಬ್ಬಿಯಲ್ಲೂ ಗೊತ್ತಿರಲಿಲ್ಲ. ಪರಂಗಿಯವರ ಮಾತಿನಲ್ಲೂ ಗೊತ್ತಿರಲಿಲ್ಲ. ಬೀಳ್ಕೊಡುವುದು ಅವನಿಗೆ ಐದು ಭಾಷೆಗಳಲ್ಲಿ ಬರುತ್ತಿತ್ತು. ವಾಪಸ್ಸು ಕರೆಯುವುದು ಒಂದರಲ್ಲೂ ಬರುತ್ತಿರಲಿಲ್ಲ. ಬಾಯಿಗೆ ಬಂದ ಪಾರಸಿಯನ್ನೆಲ್ಲ ಕೂಗಿದ.

ನಾವಿಕರು ನಗುತ್ತ ಕೈ ಬೀಸಿದರು. ಅವರಲ್ಲಿ ಒಬ್ಬ, ನಿಮಗೂ ಸುಖವಾಗಲಿ ಎಂದು ಕೂಗಿದ. ಅದು ಹೊನ್ನಯ್ಯನಿಗೆ ಚೆನ್ನಾಗಿ ಅರ್ಥವಾಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಲ್ಲೋ ದೂರದ ಊರಲ್ಲಿ ಒಬ್ಬ ಕುರುಡ ಗೋಡೆಗೆ ಒರಗಿ ಕೂತಿದ್ದ. ಅವನಿಗಾಗಿ ಬಾಗಿಲು ತೆಗೆಯಬೇಕಿದ್ದ ಕೈ ಈಗ ಅಗಳಿ ಹಾಕಲು ಹೊರಟಿತ್ತು.

ಅವನು ತಿರುಗಿ ಬಂದಾಗ ಅಜ್ಜಯ್ಯ ಬಾವಿಕಟ್ಟೆಯ ಮೇಲಿದ್ದರು. ಹೊನ್ನಯ್ಯ ಅವರ ಕಾಲ ಬುಡದಲ್ಲಿ ಕೂತು ಅತ್ತ. ಅಜ್ಜಯ್ಯ ಅವನನ್ನು ಎಬ್ಬಿಸಲೂ ಇಲ್ಲ, ಬೈಯಲೂ ಇಲ್ಲ.

“ನನಗೇನೂ ತಿಳೀತಿರಲಿಲ್ಲ. ಪೆದ್ದನ ಹಾಗೆ ಕೂತಿರ್ತಿದ್ದೆ,” ಎಂದರು. “ಇವನಿಗೆ ತಿಳೀಲಿಲ್ಲ ಅಂತ ಅವರು ಮತ್ತೆ ಮತ್ತೆ ಹೇಳೋರು. ನೀನು ಹೂಂ ಅಂದೆ. ಅವನು ಒಂದೇ ಸಲ ಹೇಳಿ ಮುಗಿಸಿದ.”

ಹೊನ್ನಯ್ಯ ಅಜ್ಜಯ್ಯನ ಕಿವಿಗೆ ಬಾಯಿಟ್ಟ. “ಉಳಿದದ್ದೆಲ್ಲ ಬಿಡ್ತೇನೆ ಅಜ್ಜಯ್ಯ. ಇನ್ನು ಪಾರಸಿ ಒಂದನ್ನೇ ಪೂರ್ತಿ ಕಲೀತೇನೆ.”

“ಕಲಿ. ಕಾಸಿಮ ಮತ್ತೆ ಹೇಳೋದಿಲ್ಲ.”

ಆ ಹಡಗು ಹೋಗುವಾಗ ಇನ್ನೊಬ್ಬನನ್ನು ಇಳಿಸಿ ಹೋಗಿತ್ತು. ಚಾವಡಿಯ ಒಳಗಿಂದ ಅವನ ನರಳಾಟ ಕೇಳುತ್ತಿತ್ತು. ಹೊನ್ನಯ್ಯ ಕಿವಿಗೊಟ್ಟ. ಅವನು ಕಲಿತ ಐದರಲ್ಲಿ ಆ ಭಾಷೆ ಇರಲಿಲ್ಲ. ಅದರ ಹೆಸರೂ ಅವನಿಗೆ ಗೊತ್ತಿರಲಿಲ್ಲ.

ತನಗೆ ಆ ಹಾಸಿಗೆಯ ಪಕ್ಕ ಕೂರುವ ಯೋಗ್ಯತೆ ಇಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಹೊನ್ನಯ್ಯ ಕೈಮುಗಿದ. ಅಜ್ಜಯ್ಯ ಬಾವಿಯಿಂದ ಒಂದು ತಂಬಿಗೆ ನೀರು ತುಂಬಿ ಅವನ ಕೈಗೆ ಕೊಟ್ಟರು.

“ನನಗೆ ಬೇರೆ ಕಿವಿ ಇಲ್ಲ. ಹೋಗು, ಅವನ ಹತ್ತಿರ ಕೂತುಕೋ. ಹೂಂ ಅನ್ನಬೇಡ.”