ಕೆಂಪು ಕಾರಿನ ಮೂರು ಒಗಟು

"ಚಿತ್ತರಗಿರಿಯ ಜನರೇ, ಕಿವಿಗೊಟ್ಟು ಕೇಳಿ! ರಾಜಕುಮಾರಿ ಮಲ್ಲಾಜಮ್ಮಣ್ಣಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅಮ್ಮಣ್ಣಿಯವರನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ಸೆರೆಮನೆ, ಬರುವ ಅಮಾವಾಸ್ಯೆಗೆ ತಲೆದಂಡ!"

ಡಂಗುರ ಸಾರಿದವನು ಹೇಳದೆ ಬಿಟ್ಟ ಸಂಗತಿ ಒಂದಿತ್ತು. ಒಗಟಿನ ಉತ್ತರ ಅಮ್ಮಣ್ಣಿಗೂ ಗೊತ್ತಿರಲಿಲ್ಲ.

ಅವಳ ಹತ್ತಿರ ಹಡಗಿನಲ್ಲಿ ತರಿಸಿದ ಎರಡು ಸೀಟಿನ ಕೆಂಪು ರೇಸ್ ಕಾರಿತ್ತು. ಕೋಟೆ ದಾಟುವಷ್ಟರಲ್ಲಿ ನೀರೆಲ್ಲ ಸೋರಿ, ಎಂಜಿನ್ ಕಾದು, ಹಬೆ ಉಗುಳಿಕೊಂಡು ನಿಂತುಬಿಡುತ್ತಿತ್ತು. ರಿಪೇರಿ ಬಲ್ಲವರು ಸೀಮೆಯಲ್ಲೇ ಇರಲಿಲ್ಲ. ಕಾರಿನ ಜೊತೆ ಒಂದು ಪೆಟ್ಟಿಗೆ ಬಿಡಿಭಾಗಗಳು ಬಂದಿದ್ದವು, ಅಷ್ಟೆ. ಅಮ್ಮಣ್ಣಿ ಅರಮನೆಯ ಹಿಂದಿನ ಲಾಯದಲ್ಲಿ ಕಾರಿನಡಿ ಮಲಗಿ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿದಳು. ಸೋರುವುದು ನಿಲ್ಲಲಿಲ್ಲ. ಅದೇ ಹೊತ್ತಿಗೆ ಅರಸರು ಮದುವೆಯ ಮಾತೆತ್ತಿದರು.

"ನಾನು ಕೇಳಿದ್ದಕ್ಕೆ ಉತ್ತರ ಹೇಳುವವನು ಬರಲಿ, ಆಗುತ್ತೇನೆ!" ಎಂದು ಅವಳು ಕಾರಿನಡಿಯಿಂದಲೇ ಕೂಗಿದಳು. ಅರಸರಿಗೂ ಸಿಟ್ಟು ಬಂತು. ಹುಡುಗಾಟಕ್ಕೆ ಯಾರೂ ಬರದಿರಲೆಂದು ತಲೆದಂಡದ ಮಾತನ್ನು ಅವರೇ ಸೇರಿಸಿದರು.

ಆದರೂ ಬಂದರು.

"ಕಣ್ಣೀರು ಬೀಳುವ ಜಾಗ ಒಂದು, ಅಳುವ ಕಣ್ಣು ಇನ್ನೊಂದು. ಅಳುವ ಕಣ್ಣು ಯಾವುದು?" ಇದು ಮೊದಲ ಒಗಟು.

ನೆರೆಸೀಮೆಯ ಪಾಳೆಯಗಾರನ ಮಗ ಮೀಸೆ ತೀಡಿ, "ಮೋಡ" ಎಂದ.

"ಮೋಡಕ್ಕೆ ಸ್ಪ್ಯಾನರ್ ಹಾಕಲೇನು ನಾನು?" ಎಂದು ಅಮ್ಮಣ್ಣಿ ಸಿಡುಕಿದಳು. ಕಾವಲಿನ ದಳವಾಯಿ ಅವನನ್ನು ಎಳೆದೊಯ್ದ. ಆಮೇಲೆ ಬಂದ ವಜ್ರದ ವ್ಯಾಪಾರಿ "ವಿರಹಿಣಿಯ ಹೃದಯ" ಎಂದು ರಾಗವಾಗಿ ಹೇಳಿ ಅವನ ಹಿಂದೆಯೇ ಸೆರೆಮನೆಗೆ ಹೋದ.

ಕಾರಿಗೆ ದಿನವೂ ನೀರು ಹೊತ್ತು ಹಾಕುತ್ತಿದ್ದವನು ಜವರ. ಹೆಗಲು ಸುಲಿದಿತ್ತು. ಹಾಕಿದ ನೀರು ಹಾಕಿದ ಹಾಗೇ ನೆಲದ ಪಾಲಾಗುವುದನ್ನು ನೋಡಿ ನೋಡಿ ಅವನ ತಾಳ್ಮೆ ಕೆಟ್ಟಿತ್ತು. ಕೊಡ ಕುಕ್ಕಿ ಹೇಳಿಯೇಬಿಟ್ಟ: "ನೆಲ ಯಾಕೆ ನೋಡ್ತೀರಿ ಅಮ್ಮಣ್ಣೋರೆ? ನೀರು ಬೀಳೋದು ಮುಂದೆ, ಬರೋದು ಹಿಂದಿಂದ. ಫ್ಯಾನಿನ ಹಿಂದೆ ಒಂದು ಡಬ್ಬಿ ಐತಲ್ಲ, ಅದರ ಹೊಟ್ಟೇಲಿ ಸಣ್ಣ ತೂತೈತೆ. ಅದೇ ಅಳೋದು."

ಅಮ್ಮಣ್ಣಿ ಆ ಡಬ್ಬಿಯನ್ನು ಬಟ್ಟೆಯಿಂದ ಒರೆಸಿ ಎಂಜಿನ್ ಚಾಲು ಮಾಡಿದಳು. ತೂತಿನ ಬಾಯಲ್ಲಿ ಒಂದು ಹನಿ ಮೂಡಿ, ಚೌಕಟ್ಟಿನ ಮೇಲೆ ಹರಿದು, ಮುಂದೆಲ್ಲೋ ನೆಲಕ್ಕೆ ಬಿತ್ತು.

"ವಾಟರ್ ಪಂಪು!" ಎಂದಳು. ಪೆಟ್ಟಿಗೆಯಲ್ಲಿ ಹೊಸದೊಂದಿತ್ತು.

ದಳವಾಯಿ ಜವರನ ರಟ್ಟೆ ಹಿಡಿದ. "ನಡಿ, ಇನ್ನೆರಡಕ್ಕೂ ನೀನೇ ಹೇಳಬೇಕು."

"ನಾನು ಮದುವೆಗೆ ಬಂದೋನಲ್ಲ ಬುದ್ಧಿ, ನೀರು ಹಾಕೋಕೆ ಬಂದೋನು!"

"ಬಾಯಿ ಬಿಟ್ಟಾಯಿತಲ್ಲ."

ಮರುದಿನ ಅಮ್ಮಣ್ಣಿ ಎರಡನೆಯದನ್ನು ಕೇಳಿದಳು. ಅವಳ ಬೆರಳ ಗೆಣ್ಣುಗಳಲ್ಲಿ ರಕ್ತವಿತ್ತು. "ಅಣ್ಣತಮ್ಮಂದಿರೆಲ್ಲ ಬಾಗಿಲು ಬಿಟ್ಟರು, ಕಿರಿಯವನು ಮಾತ್ರ ಬಿಡಲೊಲ್ಲ. ಬಲವಂತ ಮಾಡಿದರೆ ಕತ್ತು ಮುರಿದುಕೊಂಡಾನು, ಸತ್ತರೂ ಜಾಗ ಬಿಡ. ಅವನನ್ನು ಒಪ್ಪಿಸುವುದು ಹೇಗೆ?"

ಹಳೆಯ ಪಂಪಿನ ಉಳಿದ ಬೋಲ್ಟುಗಳೆಲ್ಲ ಬಿಚ್ಚಿ ಬಂದಿದ್ದವು. ಕೊನೆಯದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಜವರ ಸ್ಪ್ಯಾನರ್ ಹಿಡಿದು ಜೋತುಬಿದ್ದ. ಅದು ಜಾರಿ ಮುಂಗೈ ತರಚಿತು. ಬಟ್ಟೆ ಸುತ್ತಿ ಹಿಡಿದ, ಮತ್ತೆ ಜಾರಿತು. ಅಮ್ಮಣ್ಣಿಯ ಎದುರು ಆಡಬಾರದ ಮಾತೊಂದು ಬಾಯಿಂದ ಬಂತು. ಅವಳು ಅದನ್ನೇ ಇನ್ನೂ ಜೋರಾಗಿ ಅಂದಳು.

ಮಧ್ಯಾಹ್ನದ ಹೊತ್ತಿಗೆ ಜವರನಿಗೆ ಬಾವಿಯ ರಾಟೆ ನೆನಪಾಯಿತು. ಅದು ಕಚ್ಚಿಕೊಂಡಾಗ ಅವನು ಎಣ್ಣೆ ಬಿಟ್ಟು, ಮೊದಲು ಹಿಂದಕ್ಕೆ ನೂಕುತ್ತಿದ್ದ. "ಬಿಡಿಸೋಕೆ ಮುಂಚೆ ಒಂಚೂರು ಬಿಗಿ ಮಾಡ್ಬೇಕು, ಅಮ್ಮಣ್ಣೋರೆ" ಎಂದ. ಬೋಲ್ಟಿನ ಸುತ್ತ ಕಾಯಿಸಿ, ಎಣ್ಣೆ ಬಿಟ್ಟು, ಬಿಗಿಯುವ ಕಡೆಗೆ ಒತ್ತಿದರು. ಕಟ್ ಎಂದಿತು. ಇಬ್ಬರೂ ಬಗ್ಗಿ ನೋಡಿದರು. ಮುರಿದಿರಲಿಲ್ಲ, ಅಲುಗಿತ್ತು.

ಹೊಸ ಪಂಪು ಕೂರಿಸಿ, ಬೋಲ್ಟು ಬಿಗಿದು, ನೀರು ತುಂಬಿಸಿದರು. ಎಂಜಿನ್ ಕಾದ ಮೇಲೆ ನೆಲದ ಮೇಲೆ ಟಪ್ ಎಂದು ಒಂದು ಹನಿ ಬಿತ್ತು.

ಅಮ್ಮಣ್ಣಿ ಸ್ಪ್ಯಾನರನ್ನು ಗೋಡೆಗೆ ಎಸೆದಳು. "ಕೇಳಿಕೋ, ಇದೇ ಮೂರನೆಯದು. ಹಳಬ ಹೋದ, ಹೊಸಬ ಬಂದ, ಅಳು ಹಾಗೇ ಇದೆ. ಹಳಬ ಬಿಟ್ಟುಹೋದದ್ದೇನು?" ಎಂದವಳು ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತಳು.

ಜವರ ಹೊಸ ಪಂಪನ್ನು ಸುತ್ತಲೂ ನೋಡಿದ, ಎಲ್ಲೂ ತೂತಿರಲಿಲ್ಲ. ಬೆಳಗಾದರೆ ಅಮಾವಾಸ್ಯೆ.

"ಗೊತ್ತಿಲ್ಲ ಅಂದರೂ ತಪ್ಪೇ" ಎಂದ ದಳವಾಯಿ.

"ಅವನಿನ್ನೂ ಏನೂ ಅಂದಿಲ್ಲ, ನೀನು ಸುಮ್ಮನಿರು!" ಅಮ್ಮಣ್ಣಿ ಎದ್ದು ಸ್ಪ್ಯಾನರ್ ಹೆಕ್ಕಿಕೊಂಡಳು. "ಬಾ ಜವರ. ಮತ್ತೆ ಬಿಚ್ಚೋಣ."

ಮೊದಲಿನಿಂದ ಎಲ್ಲ ಬಿಚ್ಚಿದರು. ಸಂಜೆ ಬೆಳಕಿನಲ್ಲಿ ಕಣ್ಣಿಗೇನೂ ಕಾಣಲಿಲ್ಲ. ಜವರ ಪಂಪು ಕೂರುವ ಜಾಗದ ಸುತ್ತ ಮೆಲ್ಲಗೆ ಬೆರಳಾಡಿಸಿದ. ಒಂದು ಕಡೆ ಒರಟಾಗಿತ್ತು. ಅಮ್ಮಣ್ಣಿಯ ಬೆರಳನ್ನೂ ಅಲ್ಲಿಗೆ ತಂದು ಮುಟ್ಟಿಸಿದ.

"ಚರ್ಮ" ಎಂದ. "ಹಳಬ ತನ್ನ ಚರ್ಮ ಬಿಟ್ಟು ಹೋಗವ್ನೆ."

ನೀರು ಸೋರದಂತೆ ಹಳೆಯ ಪಂಪಿನ ಅಡಿ ಹಾಸಿದ್ದ ತೆಳು ಪದರ, ಗ್ಯಾಸ್ಕೆಟ್ಟಿನ ಚೂರು ಕಬ್ಬಿಣಕ್ಕೆ ಅಂಟಿತ್ತು, ಹೊಸ ಪಂಪು ಅದರ ಮೇಲೆ ಸಮನಾಗಿ ಕೂತಿರಲಿಲ್ಲ. ಬಿದಿರಿನ ಸೀಳಿನಿಂದ ಅದನ್ನೆಲ್ಲ ಕೆರೆದು ತೆಗೆದು, ಹೊಸ ಗ್ಯಾಸ್ಕೆಟ್ ಹಾಸಿ ಬಿಗಿದರು. ಎಂಜಿನ್ ಚೆನ್ನಾಗಿ ಕಾದರೂ ನೆಲ ಒಣಗಿಯೇ ಇತ್ತು.

ಬೆಳಿಗ್ಗೆ ಒಡ್ಡೋಲಗದಲ್ಲಿ ಜವರ ಮೂರು ಉತ್ತರಗಳನ್ನೂ ಬಿಡಿಸಿ ಹೇಳಿದ: ಅಳುವ ಕಣ್ಣು ಪಂಪಿನ ತೂತು, ಹಟಮಾರಿ ತಮ್ಮ ತುಕ್ಕಿನ ಬೋಲ್ಟು, ಅವನನ್ನು ಒಪ್ಪಿಸುವ ಬಗೆ ಬಿಚ್ಚುವ ಮುಂಚೆ ಬಿಗಿಯುವುದು, ಹಳಬ ಬಿಟ್ಟದ್ದು ಗ್ಯಾಸ್ಕೆಟ್ಟಿನ ಚೂರು. ಅರಸರು ತಲೆದೂಗಿದರು. "ಕೊಟ್ಟ ಮಾತು ಕೊಟ್ಟಂತೆ. ಇನ್ನೇನಾದರೂ ಬೇಕೇನೋ?"

"ಸೆರೆಮನೇಲಿರೋರ ತಲೆ ಉಳಿಸ್ಬೇಕು, ಮಹಾಸ್ವಾಮಿ. ತಪ್ಪಿದವರು ಸಾಯ್ಬೇಕು ಅಂದ್ರೆ, ಆ ಒಂದು ಬೋಲ್ಟಿನ ಮುಂದೆ ನಾನೂ ಅಮ್ಮಣ್ಣೋರೂ ಎಷ್ಟು ಸಲ ಸಾಯ್ಬೇಕಿತ್ತೋ."

ಅಮ್ಮಣ್ಣಿ ನಕ್ಕಳು. ಅವಳು ನಗುವುದನ್ನು ನೋಡಿ ಅರಸರು ಸೆರೆಮನೆಯ ಬೀಗದ ಕೈ ತರಿಸಿದರು.

ಮದುವೆಗೆ ಅವಳು ಮನಸಾರೆ ಒಪ್ಪಿದಳು. ಜವರನಿಗೆ ಅರ್ಧ ರಾಜ್ಯ ಬಂತು. ಅಲ್ಲಿ ಅವನು ಮಾಡಿದ ಮೊದಲ ಕಾಯಿದೆ ಇದು: ತಪ್ಪು ಹೇಳಿದವನನ್ನು ಇನ್ನೊಂದು ಸಲ ಕೇಳಬೇಕು.