ಅತ್ತೆನೈದಿಲೆ ತೂಬು

ಹಾಲಗೊಂಡನ ಕೆರೆಯ ಏರಿಯ ಮೇಲೆ ನಿಂತರೆ ಕಣ್ಣು ಹಾಯುವಷ್ಟು ದೂರ ತಾವರೆಯೇ. ತೂಬಿನ ಸುತ್ತ ಮಾತ್ರ ನೈದಿಲೆ. ಎರಡನ್ನೂ ಅಕ್ಕತಂಗಿಯರೆನ್ನುವವರು ಹತ್ತಿರ ಹೋಗಿ ನೋಡಬೇಕು. ತಾವರೆಯ ಎಲೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ, ಹನಿ ಬಿದ್ದರೂ ಅಂಟಿಸಿಕೊಳ್ಳುವುದಿಲ್ಲ. ನೈದಿಲೆಯ ಎಲೆ ನೀರಿನ ಮೇಲೇ ಮಲಗುತ್ತದೆ. ತಾವರೆಯ ದಂಟಿಗೆ ಸಣ್ಣ ಮುಳ್ಳು, ನೈದಿಲೆಯದು ನುಣುಪು. ಒಂದೇ ಕೆಸರಿನಲ್ಲಿ ಬೆಳೆದರೂ ಕುಲ ಬೇರೆ. ತೂಬಿಗೆ ಅತ್ತೆನೈದಿಲೆ ಎಂಬ ಹೆಸರು ಬಂದದ್ದೂ ಆ ಮುಳ್ಳು ನುಣುಪಿನ ದೆಸೆಯಿಂದಲೇ ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈರಣ್ಣನೆಂಬುವನು ಈ ಕೆರೆಯ ನೀರುಗಂಟಿಯಾಗಿದ್ದ. ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ಕೆಲಸ ಅವನ ಮನೆತನದ್ದು. ಆ ಮನೆಗೆ ಸೊಸೆಯಾಗಿ ಬಂದವಳು ತವರಿನ ಕೆರೆಯ ಹೂಗಡ್ಡೆ ತಂದು ಇಲ್ಲಿ ನೆಡಬೇಕೆಂಬುದು ಪದ್ಧತಿ. ಈರಣ್ಣನ ತಾಯಿ ಹೊಂಬಾಳಮ್ಮ ತಾವರೆ ತಂದವಳು; ಅವಳ ಅತ್ತೆಯೂ ಅಷ್ಟೇ. ಸೊಸೆ ನಿಂಗಿ ಮಾತ್ರ ನೈದಿಲೆ ತಂದಳು. “ಹೊತ್ತೇರಿದ್ರೆ ಮುಖ ಮುಚ್ಕೊಳ್ಳೋ ಹೂವಾ ಯಾವ ದೇವ್ರಿಗೆ ಮುಡಿಸ್ತೀಯೇ?” ಎಂದು ಹೊಂಬಾಳಮ್ಮ ಮೂಗು ಮುರಿದಳು. ಈರಣ್ಣ ನಕ್ಕು, ಅವ್ವನ ಕಣ್ಣಿಗೆ ಬೀಳದಿರಲೆಂದು ಗಡ್ಡೆಗಳನ್ನು ತೂಬಿನ ಕಲ್ಲಿನ ಸುತ್ತ ನೆಟ್ಟ. ಮುದುಕಿಯ ಕಣ್ಣಿಗೆ ಬೀಳದ್ದು ಯಾವುದಿತ್ತು! ಬೇಸಿಗೆಯಲ್ಲಿ ನೀರು ಇಳಿದಾಗ ಯಾರಿಗೂ ಹೇಳದೆ ಹೋಗಿ ಎಲ್ಲವನ್ನೂ ಕಿತ್ತಳು. ಒಂದು ಬುಡ ಮಾತ್ರ ಕಲ್ಲಿನ ಸಂದಿಗೆ ಸಿಕ್ಕಿ ಕೈಗೆ ಬರಲಿಲ್ಲ.

ಆ ಮಳೆಗಾಲ ಕೆರೆ ಕೋಡಿ ಬಿದ್ದರೂ ನೀರು ಏರುತ್ತಲೇ ಹೋಯಿತು. ಏರಿ ಒಂದು ಕಡೆ ಒಸರತೊಡಗಿತು; ಅದರ ಕೆಳಗೇ ಊರು. ತೂಬು ತೆಗೆಯದೆ ಬೇರೆ ದಾರಿಯಿರಲಿಲ್ಲ. ಆದರೆ ತೂಬಿನ ಗುರುತಿನ ಕಂಬ, ಎಲೆ, ಹೂ ಎಲ್ಲವೂ ಕೆಂಪು ನೀರಿನಡಿ ಮುಳುಗಿದ್ದವು. ಈರಣ್ಣ ಮುಳುಗಿ ಎದ್ದ. ಎದೆಯೆಲ್ಲ ತಾವರೆ ಮುಳ್ಳು ಗೀರಿ ರಕ್ತ. ಮತ್ತೆ ಮುಳುಗಿ ಬರಿಗೈಯಲ್ಲೇ ಎದ್ದ. ಆಗ ನಿಂಗಿ ಏರಿಯಿಂದ ಕೂಗಿದಳು: “ಮುಳ್ಳು ತಾಕಿದ ಕಡೆ ನಿಲ್ಬ್ಯಾಡಿ! ದಂಟು ನುಣ್ಣಗೆ ಸಿಕ್ಕಿದ ಕಡೆ ತಡಕಿ, ಅಲ್ಲೇ ಅದೆ ತೂಬು!” ಅವನು ತಲೆಯಾಡಿಸಿ ಮುಳುಗಿಬಿಟ್ಟ.

ಹೊಂಬಾಳಮ್ಮನ ಜೀವ ಬಾಯಿಗೆ ಬಂತು. “ನಾನೇ ಕಿತ್ತಾಕ್ಬಿಟ್ಟೆ ಕಣೇ, ಒಂದೇ ಒಂದು ಬುಡ ಉಳಿದಿರೋದು” ಎಂದು ಸೊಸೆಯ ಕೈ ಹಿಡಿದಳು. ನಿಂಗಿ ಕೈ ಬಿಡಿಸಿಕೊಳ್ಳಲಿಲ್ಲ. ನೀರನ್ನೇ ನೋಡುತ್ತ ನಿಂತಳು. ಬೈದಿದ್ದರಾದರೂ ಮುದುಕಿಗೆ ಸಮಾಧಾನವಾಗುತ್ತಿತ್ತು. ಮನೆದೇವರನ್ನೂ ಮರೆತು ಅವಳು ಆ ಒಂದು ಬುಡಕ್ಕೆ ಹರಕೆ ಹೊತ್ತಳು. ಅಷ್ಟರಲ್ಲಿ ಏರಿಯ ಹಿಂದೆ ಕಾಲುವೆ ಭೋರ್ಗರೆಯಿತು. ತೂಬು ತೆರೆದಿತ್ತು, ಮಗ ಮಾತ್ರ ಏಳಲಿಲ್ಲ. ನಿಂಗಿ ಸೆರಗು ಬಿಗಿದು ನೀರಿಗಿಳಿಯುವಷ್ಟರಲ್ಲಿ ತುಸು ದೂರದಲ್ಲಿ ಒಂದು ತಲೆ ತೇಲಿತು. ದಡಕ್ಕೆಳೆದಾಗ ಅವನಿಗೆ ಉಸಿರಿತ್ತು, ಮುಷ್ಟಿ ಬಿಗಿದಿತ್ತು. ತಾಯಿ ಬೆರಳು ಬಿಡಿಸಿದಳು. ಒಳಗೆ ಒಂದು ನುಣುಪಾದ ದಂಟು, ಬುಡಸಮೇತ ಕಿತ್ತು ಬಂದದ್ದು.

ಮಳೆ ಬಿಟ್ಟ ಮೇಲೆ ಹೊಂಬಾಳಮ್ಮ ಒಬ್ಬಳೇ ಬೀಗರ ಊರಿಗೆ ನಡೆದುಹೋಗಿ, ಸೆರಗೊಡ್ಡಿ ನೈದಿಲೆ ಗಡ್ಡೆ ಬೇಡಿ ತಂದಳಂತೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಊರು ನಕ್ಕರೂ ಕೇಳಿಸಿಕೊಳ್ಳದೆ, ಎದೆಮಟ್ಟದ ನೀರಿಗಿಳಿದು ತಾನೇ ನೆಟ್ಟಳು. ಇಂದಿಗೂ ನೀರುಗಂಟಿಯ ಮನೆಗೆ ಸೊಸೆ ಬಂದಾಗ ಮೊದಲು ಕೆರೆಗಿಳಿಯುವವಳು ಅತ್ತೆ. ಅವಳು ತೂಬಿನ ಬಳಿ ಒಂದು ನೈದಿಲೆ ನೆಟ್ಟು ಮೇಲೆ ಬರುವವರೆಗೆ ಹೊಸ ಸೊಸೆ ತನ್ನ ತವರಿನ ಗಡ್ಡೆ ಹಿಡಿದು ಏರಿಯ ಮೇಲೆ ಕಾಯುತ್ತಾಳೆ. ಅದು ಯಾವ ಹೂವಿನದೆಂದು ಯಾರೂ ಕೇಳುವುದಿಲ್ಲ.